ದಮಯಂತಿಯ ಅಪ್ಪನನ್ನು ಎರಡು ಸಲ ಸಾಯಿಸಿದೆ

ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಕಾಫಿ ತೋಟದಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಸಂಜೆ ಕೊಯ್ದ ಹಣ್ಣು ಅಳೆಸಿ, ವಾರಕ್ಕೊಮ್ಮೆ ಬಟವಾಡೆ ಮಾಡುವವರು ರೈಟರ್. ನಮ್ಮಪ್ಪ ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ಮೂವತ್ತೆರಡು ವರ್ಷ ಅದೇ ಕೆಲಸ ಮಾಡಿದರು. ಹಾಗಾಗಿ ನಾನು ಕಾದಂಬರಿ ಬರೆಯುತ್ತಿದ್ದೇನೆ ಅಂತ ಗೊತ್ತಾದಾಗ ಚಿಕ್ಕಮ್ಮ, "ಅಂತೂ ನೀನೂ ರೈಟರ್ ಆದೆ ಬಿಡು" ಅಂತ ನಕ್ಕರು.

ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವಳು. 2019ರ ಮೇ ತಿಂಗಳಲ್ಲಿ ನಿವೃತ್ತಿ ಆಯ್ತು. ಜೂನ್‌ನಲ್ಲಿ ಮಳೆ ಹಿಡಿಯಿತು. ಮಡಿಕೇರಿಯ ಮಳೆಗಾಲ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ಒಣಗಲ್ಲ, ಕರೆಂಟ್ ಇರಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಅದರಲ್ಲೂ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ ಮೇಲೆ, ರಾತ್ರಿ ಮಳೆ ಜೋರಾದರೆ ನಮ್ಮ ಬೀದಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಸುಮ್ನೆ ಮಲಗಿ ಮಳೆ ಕೇಳೋ ಬದಲು ಏನಾದರೂ ಬರೆಯೋಣ ಅಂತ ಕೂತೆ. ಮನೆಯಲ್ಲಿ ಎರಡು ಖಾಲಿ ಲೆಜರ್ ಪುಸ್ತಕ ಬಿದ್ದಿತ್ತು. ಜಮಾ ಅಂಕಣದಿಂದ ಶುರು ಮಾಡಿ ಖರ್ಚಿನ ಅಂಕಣದ ಮೇಲೆ ಹಾಯ್ದು ಅಡ್ಡಲಾಗಿ ಬರೆದುಕೊಂಡು ಹೋದೆ.

ಕಥೆ ತಲೆಯಲ್ಲಿ ರೆಡಿ ಇತ್ತು. ಅಥವಾ ರೆಡಿ ಇದೆ ಅಂದುಕೊಂಡಿದ್ದೆ. ನಾಯಕಿ ದಮಯಂತಿ. ಸೋಮವಾರಪೇಟೆ ಕಡೆಯ ಒಂದು ಹಳ್ಳಿ, ಹೆಸರು ನಾನೇ ಇಟ್ಟದ್ದು. ಆರು ಎಕರೆ ಅರೇಬಿಕಾ ಕಾಫಿ, ಸ್ವಲ್ಪ ಗದ್ದೆ. 1989ರಲ್ಲಿ ಅರಕಲಗೂಡಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. 1995ರಲ್ಲಿ ಅಪ್ಪ ಸಾಯುತ್ತಾರೆ. ತಿಥಿಗೆ ಬಂದವಳ ಹತ್ತಿರ ಅವಳ ತಮ್ಮ, ಆಸ್ತಿಯಲ್ಲಿನ ಪಾಲು ಬಿಟ್ಟುಕೊಟ್ಟೆ ಅನ್ನೋ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅವಳಿಗೆ ಏನೋ ಕಳೆದುಹೋದ ಹಾಗೆ ಆಗುತ್ತದೆ. ಗಂಡನ ಮನೆಗೂ ಹೋಗದೆ ಬೆಂಗಳೂರಿನ ಬಸ್ಸು ಹತ್ತುತ್ತಾಳೆ. ಅಲ್ಲಿ ಒಂದು ರೂಮು ಹಿಡಿದು ತನ್ನನ್ನು ತಾನು ಕಂಡುಕೊಳ್ಳುತ್ತಾಳೆ. ಇಷ್ಟು.

ಬಸ್ಸು ಹತ್ತಿಸುವ ತನಕ ಕಥೆ ಹೇಗೋ ನಡೆಯಿತು. ಬೆಂಗಳೂರಿಗೆ ಹೋದಮೇಲೆ ದಮಯಂತಿ ಕಿಟಕಿ ಪಕ್ಕ ಕೂತುಬಿಟ್ಟಳು. ಎಂಟು ಪುಟ ಕೂತೇ ಇದ್ದಳು. ಮಧ್ಯೆ ಎದ್ದು ಕನ್ನಡಿ ನೋಡಿಕೊಂಡಳು. ಮತ್ತೆ ಬಂದು ಕೂತಳು. ನಾನು ಲೆಕ್ಕದವಳು ಅಲ್ವಾ, ಒಂದು ದಿನ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋದೆ. "ತನ್ನನ್ನು ತಾನು" ಅನ್ನೋ ಮಾತು 140 ಪುಟದಲ್ಲಿ 31 ಸಲ ಬಂದಿತ್ತು. ಅವಳು ಅಡುಗೆ ಮಾಡಿದ್ದು ಒಂದೇ ಸಲ.

ಹೊಳೆಯ ದೃಶ್ಯವೂ ಒಂದಿತ್ತು. ಹೆಂಗಸಿಗೆ ಜ್ಞಾನೋದಯ ಆಗಬೇಕಾದರೆ ನೀರಿನ ಹತ್ತಿರ ಕರ್ಕೊಂಡು ಹೋಗಬೇಕು ಅಂತ ಯಾರು ನಮ್ಮ ತಲೆಗೆ ತುಂಬಿದರೋ ಕಾಣೆ. ದಮಯಂತಿಯನ್ನು ಹಾರಂಗಿ ದಂಡೆಗೆ ಕರೆದು, ಕಾಲು ನೀರಿಗೆ ಇಳಿಬಿಡಿಸಿ ಕೂರಿಸಿದ್ದೆ. ಆ ಪುಟ ಮತ್ತೆ ಓದುವಾಗ ಕಥೆಗಾರ್ತಿ ಕೊಡಗಿನ ಗೌರಮ್ಮ ನೆನಪಾದರು. ಸುಂಟಿಕೊಪ್ಪದ ಗುಂಡುಕುಟ್ಟಿ ತೋಟದಲ್ಲಿ ಇದ್ದವರು. ನಾವು ಹುಡುಗರಾಗಿದ್ದಾಗ ದೊಡ್ಡವರ ಬಾಯಲ್ಲಿ ಅವರ ಮಾತು ಬರುತ್ತಿತ್ತು. 1939ರಲ್ಲಿ ಇದೇ ಹಾರಂಗಿಯಲ್ಲಿ ಈಜಲು ಇಳಿದು ಸುಳಿಗೆ ಸಿಕ್ಕಿ ಹೋದರು. ಇನ್ನೂ 27 ವರ್ಷ. ಅಷ್ಟರಲ್ಲೇ ಅಂಥ ಕಥೆಗಳನ್ನು ಬರೆದಿದ್ದರು. ಆ ಹೊಳೆಯ ದಂಡೆಯಲ್ಲಿ ನನ್ನ ನಾಯಕಿ ಕಾಲು ಆಡಿಸುತ್ತಾ "ನಾನು ಯಾರು" ಅಂತ ಕೇಳಿಕೊಳ್ಳುವುದು ಯಾಕೋ ನಾಚಿಕೆ ತಂದಿತು. ಹಾಳೆ ಹರಿದೆ. ಲೆಜರ್ ಹಾಳೆ ಗಟ್ಟಿ, ಹರಿಯೋಕೂ ಕಷ್ಟ.

ಎರಡನೇ ಸಲ ಬೆಂಗಳೂರು ಬೇಡ, ಎಲ್ಲಾ ಕೊಡಗಿನಲ್ಲೇ ಆಗಲಿ ಅಂತ ಹೊರಟೆ. ಈ ಸಲ ಇನ್ನೊಂದು ಹಳ್ಳಕ್ಕೆ ಬಿದ್ದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಹಾಕಿದೆ. ಅದರ ನೇರಳೆ ಬಣ್ಣ, ಮಾರನೇ ದಿನ ಬಚ್ಚಲಲ್ಲಿ ಉಚ್ಚೆ ಕೆಂಪಗಾದದ್ದು ನೋಡಿ ಮಗು ಹೆದರುವುದು, ಎಲ್ಲಾ ಹಾಕಿದೆ. ಕಣಿಲೆ, ಅಣಬೆ, ಏಡಿ ಸಾರು, ಹೂಮಳೆ ಬಿದ್ದ ಮೇಲೆ ತೋಟವೆಲ್ಲಾ ಬೆಳ್ಳಗೆ ಮಲ್ಲಿಗೆ ಚೆಲ್ಲಿದ ಹಾಗೆ. ಕೊಡವರ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಪುತ್ತರಿ ಸುಗ್ಗಿ ಹಬ್ಬವನ್ನು ತಂದು ಸೋಮವಾರಪೇಟೆಯ ಒಕ್ಕಲಿಗರ ಮನೆಗೆ ಅಂಟಿಸಿದೆ. ನಂಗೇನೋ ಭಾರಿ ಚೆನ್ನಾಗಿದೆ ಅನಿಸಿತು.

ಪಕ್ಕದ ಮನೆ ಟೀಚರಿಗೆ ಓದಲು ಕೊಟ್ಟೆ. ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿ ಆದವರು. ನಾಲ್ಕು ದಿನ ಬಿಟ್ಟು ಲೆಜರ್ ವಾಪಸ್ ತಂದು ಮೇಜಿನ ಮೇಲಿಟ್ಟರು.

"ಚೆನ್ನಾಗಿದೆ ಕಣ್ರೀ. ಹೋಂಸ್ಟೇಗಳಲ್ಲಿ ರೂಮಿಗೊಂದು ಇಡಬಹುದು."

ನಾನು ಕಾಫಿ ಮಾಡಲು ಒಳಗೆ ಹೋದೆ. ಸಿಟ್ಟು ಬಂದಿತ್ತು, ಮುಖ ತೋರಿಸೋದು ಬೇಡ ಅಂತ. ಅಡುಗೆಮನೆ ತನಕ ಅವರ ದನಿ ಬಂತು.

"ಅಲ್ಲಾ, ಈ ದಮಯಂತಿ ಬೆಳಿಗ್ಗೆ ಎದ್ದು ಏನು ಮಾಡ್ತಾಳೆ?"

"ಏನು ಮಾಡ್ತಾಳೆ ಅಂದ್ರೆ?"

"ಅದೇ. ಎದ್ದು, ಮುಖ ತೊಳೆದು, ಆಮೇಲೆ? ತಿಥಿ ಮುಗಿದ ಮನೆ. ನೆಂಟರೆಲ್ಲ ಹೋಗಿದ್ದಾರೆ. ಇವಳು ಹದಿನೈದು ದಿನ ತವರಲ್ಲಿ ಇರ್ತಾಳೆ ಅಂತ ಬರೆದಿದ್ದೀರಿ. ಹದಿನೈದು ದಿನ ಏನು ಮಾಡಿದಳು?"

ನನಗೆ ಗೊತ್ತಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಹಾಲು ಉಕ್ಕಿತು.

ಆ ವರ್ಷದ ಮಳೆ ಮುಗಿದ ಮೇಲೆ ಒಂದು ದಿನ ಅಟ್ಟದಿಂದ ಅಪ್ಪನ ಟ್ರಂಕು ಇಳಿಸಿದೆ. ಎಸ್ಟೇಟಿನ ಲೆಕ್ಕವೆಲ್ಲ ಎಸ್ಟೇಟಿಗೇ ಹೋಗುತ್ತದೆ. ಆದರೆ ಅಪ್ಪ ತಮಗೆ ಅಂತ ಚಿಕ್ಕ ನೋಟ್‌ಬುಕ್ಕಿನಲ್ಲಿ ಹಾಜರಿಯ ಒಂದು ನಕಲು ಇಟ್ಟುಕೊಳ್ಳುತ್ತಿದ್ದರು, ಬಟವಾಡೆ ದಿನ ಜಗಳ ಆದರೆ ಬೇಕಾಗುತ್ತೆ ಅಂತ. 1974ರ ಒಂದು ಪುಸ್ತಕ ಸಿಕ್ಕಿತು. ಗಂಡಾಳು ಒಂದು ಕಡೆ, ಹೆಣ್ಣಾಳು ಒಂದು ಕಡೆ. ಕೂಲಿ ಬೇರೆ ಬೇರೆ. ಸಮಾನ ಕೂಲಿಯ ಕಾಯ್ದೆ ಬಂದದ್ದು 1976ರಲ್ಲಿ. ಬಂದರೆ 1, ಅರ್ಧ ದಿನಕ್ಕೆ ½, ಬಾರದಿದ್ದರೆ ಸೊನ್ನೆ. ಸೊನ್ನೆಯ ಪಕ್ಕ ಪೆನ್ಸಿಲಿನಲ್ಲಿ ಒಂದೊಂದು ಪದ. "ಜ್ವರ." "ಊರಿಗೆ." "ಸಂತೆ." ಒಬ್ಬಳ ಹೆಸರಿನ ಮುಂದೆ ಮೂರು ವಾರ ಬರೀ 1, 1, 1, 1, ಆಮೇಲೆ ಸೊನ್ನೆ, ಪಕ್ಕದಲ್ಲಿ "ಹೆರಿಗೆ." ಮುಂಚಿನ ದಿನ ½ ಇದೆ. ಅಂದರೆ ಹಿಂದಿನ ದಿನ ಅರ್ಧ ದಿನ ಕೆಲಸ ಮಾಡಿ ಮಧ್ಯಾಹ್ನ ಆಳುಗಳ ಲೈನ್‌ಮನೆಗೆ ನಡೆದು ಹೋಗಿದ್ದಾಳೆ.

ಆ ½ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ಅಪ್ಪ ಅವಳ ಮನಸ್ಸಿನಲ್ಲಿ ಏನಿತ್ತು ಅಂತ ಬರೆದಿಲ್ಲ. ಬರೆಯುವುದು ಅವರ ಕೆಲಸ ಅಲ್ಲ. ಆದರೂ ನಂಗೆ ಅವಳು ಕಂಡಳು, ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿಜಾರಿನಲ್ಲಿ ಹುಷಾರಾಗಿ ಕಾಲಿಡುತ್ತಾ ಹೋಗುವುದು.

ಅವತ್ತು ಸಂಜೆ ದಮಯಂತಿಗೆ ಒಂದು ಹಾಜರಿ ಪುಸ್ತಕ ಮಾಡಿದೆ. ತವರಿನ ಹದಿನೈದು ದಿನಕ್ಕೆ ಹದಿನೈದು ಸಾಲು. ಭಾವನೆ ಬರೆಯುವ ಹಾಗಿಲ್ಲ, ಕೆಲಸ ಮಾತ್ರ. ಒಂದನೇ ದಿನ, ಪಾತ್ರೆ ತೊಳೆದು ಬಾಡಿಗೆಯವರಿಗೆ ಎಣಿಸಿ ಕೊಟ್ಟಳು. ಎರಡು ಲೋಟ ಕಮ್ಮಿ. ಎರಡನೇ ದಿನ, ಅಪ್ಪನ ಬಟ್ಟೆ ಒಗೆದಳು. ಅಂಗಿ ಜೇಬಿನಲ್ಲಿ ನೆನೆದ ಬೀಡಿ. ಮೂರನೇ ದಿನ ಏನು ಮಾಡಿದಳು? ಬರೆಯುವಾಗ ಕೈ ತಾನೇ ತಾನಾಗಿ ಬರೆಯಿತು: ತೋಟಕ್ಕೆ ಹೋದಳು.

ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಕಥೆಯಲ್ಲಿ ಇರೋ ತೋಟ ಬರೀ ಹಿಂದಿನ ಪರದೆ ಆಗಿತ್ತು. ಹೋದವಳು ಏನು ನೋಡಿದಳು? ನಾನು ಎಸ್ಟೇಟಿನಲ್ಲಿ ಹುಟ್ಟಿ ಬೆಳೆದರೂ ಗಿಡ ಮುಟ್ಟಿ ಕೆಲಸ ಮಾಡಿದವಳಲ್ಲ. ರೈಟರ ಮಗಳು. ಆಫೀಸಿನ ಜಗಲಿಯಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡಿದವಳು. ಹಾಗಾಗಿ ಮಾದಾಪುರ ಕಡೆ ಪರಿಚಯದ ಒಬ್ಬರು ಬೆಳೆಗಾರರ ತೋಟಕ್ಕೆ ಹೋದೆ. ಅವರನ್ನು ನಾನು ಮಾವ ಅಂತಲೇ ಕರೆಯುವುದು.

ಮಾವ ಒಂದು ಗಿಡದ ಹತ್ತಿರ ನಿಲ್ಲಿಸಿದರು. ನೋಡೋಕೆ ಸರಿಯಾಗೇ ಇತ್ತು. ಒಂದೆರಡು ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ, ಎಲೆ ಮಾತ್ರ ಸ್ವಲ್ಪ ಹಳದಿ.

"ಕಣ್ಣು ಮುಚ್ಚು. ಕೈ ಹಾಕಿ ನೋಡು."

ಬುಡದಿಂದ ಒಂದಡಿ ಮೇಲೆ ಕಾಂಡದ ಸುತ್ತ ಕೈ ಆಡಿಸಿದೆ. ತೊಗಟೆಯ ಕೆಳಗೆ ಒಂದು ಏಣು. ಮುದುಕರ ಮುಂಗೈಯಲ್ಲಿ ನರ ಉಬ್ಬಿರುತ್ತಲ್ಲ, ಹಾಗೆ. ಕಾಂಡವನ್ನು ಸುತ್ತಿಕೊಂಡು ಹೋಗಿತ್ತು.

"ಬೋರರ್" ಅಂದರು ಮಾವ. ಬಿಳಿ ಕಾಂಡಕೊರಕ. ಗಿಡ ಕಿತ್ತು ಕತ್ತಿಯಲ್ಲಿ ಸೀಳಿ ತೋರಿಸಿದರು. ಒಳಗೆಲ್ಲಾ ಸುರಂಗ. ಹುಳು ತಿಂದ ಮರದ ಪುಡಿಯನ್ನು ಹಿಂದೆ ಹಿಂದೆ ಗಿಡಿದುಕೊಂಡು ಹೋಗಿತ್ತು, ಸಿಮೆಂಟು ಹಾಕಿದ ಹಾಗೆ. ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಹೊಕ್ಕು ತಿಂಗಳುಗಟ್ಟಲೆ ತಿನ್ನುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ ದುಂಬಿಯಾಗಿ ಹೊರಗೆ ಹಾರುತ್ತದೆ. ಹಾರೋ ಮುಂಚೆ ಗಿಡ ಕಿತ್ತು ಸುಡಬೇಕು, ಇಲ್ಲದಿದ್ದರೆ ಪಕ್ಕದ ಗಿಡಕ್ಕೆ. ಬಿಸಿಲು ಅಂದರೆ ಅದಕ್ಕೆ ಇಷ್ಟ. ನೆರಳು ತೆಗೆದ ತೋಟಕ್ಕೆ ಮೊದಲು ನುಗ್ಗುತ್ತದೆ. ಇದು ಅರೇಬಿಕಾದ ಶತ್ರು. ರೊಬಸ್ಟಾಕ್ಕೆ ಅಷ್ಟು ಬರಲ್ಲ.

"ಗೊತ್ತಿರೋರಿಗೆ ಕೈಯೇ ಕಣ್ಣು" ಅಂದರು ಮಾವ. "ನಮ್ಮಮ್ಮ ತೋಟದಲ್ಲಿ ನಡೆಯುತ್ತಾ ಹಾಗೇ ಸವರಿಕೊಂಡು ಹೋಗೋರು. ಇದು, ಇದು, ಅದು ಅಂತ ಹೇಳೋರು. ಗುರುತು ಹಾಕೋದು ನಮ್ಮ ಕೆಲಸ."

ವಾಪಸ್ ಬರುವಾಗ ಜೀಪಿನಲ್ಲಿ ನನ್ನ ಅಂಗೈ ನೋಡಿಕೊಂಡೆ. ದಮಯಂತಿಗೆ ಕೈ ಸಿಕ್ಕಿತ್ತು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ತಿರುಗಿ ಕಲಿತದ್ದು. ಅರಕಲಗೂಡಿಗೆ ಹೋದಮೇಲೆ ಬೇಕಾಗದೆ ಬಿದ್ದಿದ್ದು. ಮೂರನೇ ದಿನ ತೋಟಕ್ಕೆ ಹೋದಳು, ಗಿಡ ಸವರಿದಳು, ಏಣು ಸಿಕ್ಕಿತು. ನಾಲ್ಕನೇ ದಿನ ಸುಣ್ಣದ ಡಬ್ಬಿ ತಗೊಂಡು ಹೋದಳು, ಗುರುತು ಹಾಕೋಕೆ.

ಇಲ್ಲಿಂದ ಬರವಣಿಗೆ ಓಡಿತು. ಆಮೇಲೆ ವಕೀಲರು ಬಂದು ಅಡ್ಡ ನಿಂತರು.

ತಪ್ಪು ನನ್ನದೇ. ಖುಲಾಸೆ ಪತ್ರದ ಭಾಷೆ ಸರಿಯಾಗಿರಲಿ ಅಂತ, ನಮ್ಮ ಸಂಘಕ್ಕೆ ಕಾಗದಪತ್ರ ನೋಡಿಕೊಡುತ್ತಿದ್ದ ಕುಶಾಲನಗರದ ವಕೀಲರ ಹತ್ತಿರ ಹೋದೆ. 2021 ಇರಬೇಕು, ಮಾಸ್ಕ್ ಹಾಕಿಕೊಂಡೇ ಮಾತಾಡಿದ್ದು. ಅವರು ಕಥೆ ಕೇಳಲಿಲ್ಲ. ತಾರೀಖು ಕೇಳಿದರು.

"ಮದುವೆ ಯಾವಾಗ?"

"1989."

"ಅಪ್ಪ ಸತ್ತದ್ದು?"

"1995."

"ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ?"

"ಅಜ್ಜನಿಂದ ಬಂದದ್ದು."

"ಹಾಗಾದರೆ ತಮ್ಮ ಇಷ್ಟೊಂದು ಗೋಗರೆಯೋದು ಯಾಕೆ ಮೇಡಂ? ಅವಳ ಪಾಲು ಎಷ್ಟಿದೆ ಅಂತ?"

ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅನ್ನುವ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಆದರೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳು ಅದರಲ್ಲಿ ಬರುತ್ತಿರಲಿಲ್ಲ. ದಮಯಂತಿಗೆ ಸಿಗುತ್ತಿದ್ದದ್ದು ಅಪ್ಪನ ಪಾಲಿನಲ್ಲಿ ಒಂದು ಚೂರು ಅಷ್ಟೇ. ಮದುವೆಯಾದವಳು, ಆಗದವಳು ಅನ್ನೋ ಭೇದ ಹೋಗಿದ್ದು ಕೇಂದ್ರದ ತಿದ್ದುಪಡಿಯಿಂದ, 2005ರ ಸೆಪ್ಟೆಂಬರ್ 9ರಿಂದ. ಆ ದಿನ ಅಪ್ಪ ಬದುಕಿರಬೇಕಾ ಬೇಡವಾ ಅಂತ ಮತ್ತೆ ಹದಿನೈದು ವರ್ಷ ಕೋರ್ಟುಗಳಲ್ಲಿ ಗುದ್ದಾಟ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದಿತು, ಹಕ್ಕು ಹುಟ್ಟಿನಿಂದಲೇ ಅಂತ.

"ನಿಮಗೆ ಅಷ್ಟೆಲ್ಲ ತಲೆನೋವು ಯಾಕೆ?" ಅಂದರು ವಕೀಲರು. "ಅಪ್ಪನನ್ನ 2006ರಲ್ಲಿ ಸಾಯಿಸಿ. ತಕರಾರೇ ಇಲ್ಲ."

ಜಮ್ಮಾ ಜಾಗ, ಅಂದರೆ ಕೊಡಗಿನ ಹಳೇ ಕಾಲದ ವಂಶಪಾರಂಪರ್ಯ ಹಿಡುವಳಿ, ಅಂತ ಮಾಡಿದರೆ ಹೇಗೆ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದಕ್ಕೆ ಇನ್ನೊಂದು ಕಾದಂಬರಿ ಬರೀಬೇಕು. ಎರಡು ಸಂಪುಟ."

ಏಳುವಾಗ, ಸುಮ್ನೆ, ಬಾಗಿಲ ಹತ್ತಿರ ನಿಂತು ಕೇಳಿದೆ. "ಸ್ವಯಾರ್ಜಿತ ಆಗಿದ್ದಿದ್ದರೆ?"

"ಉಯಿಲು ಬರೆಯದೆ ಸತ್ತಿದ್ದರೆ 1956ರಿಂದಲೇ ಮಗಳಿಗೂ ಸಮಪಾಲು. ಹೆಂಡತಿ, ಮಗ, ಮಗಳು, ಎಲ್ಲರಿಗೂ ಒಂದೊಂದು. ಅದರಲ್ಲಿ ಏನೂ ಗೊಂದಲ ಇಲ್ಲ."

ಕುಶಾಲನಗರದಿಂದ ಮಡಿಕೇರಿ ಬಸ್ಸು ಸುಂಟಿಕೊಪ್ಪದ ಮೇಲೆಯೇ ಬರುತ್ತದೆ. ಸುಂಟಿಕೊಪ್ಪದಲ್ಲಿ ಬಸ್ಸು ನಿಂತಿತು. ಅಲ್ಲಿಂದ ಐದು ನಿಮಿಷ ನಡೆದರೆ ಅಪ್ಪ ನಿವೃತ್ತಿ ದುಡ್ಡಿನಲ್ಲಿ ಹನ್ನೆರಡು ಸೆಂಟ್ಸ್ ಜಾಗ ತಗೊಂಡು ಕಟ್ಟಿದ ಮೂರು ಕೋಣೆ ಮನೆ. ಅಪ್ಪ 1998ರಲ್ಲಿ ಹೋದರು. ಉಯಿಲು ಇರಲಿಲ್ಲ. ಮಾರನೇ ವರ್ಷ ತಮ್ಮ ಕರೆದ, ನಾನು ಸಂಘಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿ ಒಂದು ಪತ್ರಕ್ಕೆ ಸಹಿ ಹಾಕಿ ಬಂದೆ. ಓದಲಿಲ್ಲ. ದಿನಾ ಬೆಳಗಾದರೆ ಕಾಗದ ಓದೋ ಕೆಲಸದವಳು, ಅದನ್ನು ಮಾತ್ರ ಓದಲಿಲ್ಲ. ತಮ್ಮ ಒಂದು ಮೈಸೂರು ಸಿಲ್ಕ್ ಸೀರೆ ಕೊಟ್ಟ. ಹಸಿರು, ಜರಿ ಅಂಚು. ಈಗಲೂ ಇದೆ.

ನಾನು ಇಪ್ಪತ್ತೆರಡು ವರ್ಷ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ದೇವರಾಣೆ. ಕೊಡಬೇಕಾದ್ದು ಕೊಟ್ಟೆ ಅಂತಲೇ ಇದ್ದೆ. ಹಾಗಾದರೆ ಕಾದಂಬರಿ ಬರೆಯಲು ಕೂತಾಗ ಮೊಟ್ಟಮೊದಲು ಖುಲಾಸೆ ಪತ್ರವೇ ಯಾಕೆ ಬಂತು? ಬಸ್ಸು ಹೊರಟಿತು. ಮನೆಗೆ ಬಂದು ಮತ್ತೆ ಟ್ರಂಕು ತೆಗೆದೆ. ಪತ್ರದ ನಕಲು ತಳದಲ್ಲಿತ್ತು. "ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ." ಕೆಳಗೆ ನನ್ನ ಸಹಿ, ಚೆಕ್ಕಿಗೆ ಹಾಕುವ ಹಾಗೆ ನೀಟಾಗಿ. ಹೆಸರಿನ ಮುಂದೆ "ಕೋಂ" ಅಂತ ಹಾಕಿ ಗಂಡನ ಹೆಸರು. ಅಪ್ಪನ ಮಗಳಾಗಿ ಹಕ್ಕು ಬಿಡುವಾಗಲೂ ನಾನು ಇನ್ನೊಬ್ಬರ ಕೋಂ. ಗೌರಮ್ಮ ಬರೆಯುತ್ತಿದ್ದದ್ದು ಮಿಸೆಸ್ ಬಿ.ಟಿ.ಜಿ. ಕೃಷ್ಣ ಅನ್ನೋ ಹೆಸರಿನಲ್ಲಿ ಅಂತ ಎಲ್ಲೋ ಓದಿದ್ದು ಆಗ ನೆನಪಾಯಿತು.

ಅಪ್ಪನನ್ನು 2006ಕ್ಕೆ ಸಾಗಿಸುವುದು ಒಂದು ಅಂಕಿ ತಿದ್ದಿದಷ್ಟು ಸುಲಭ ಅಂದುಕೊಂಡಿದ್ದೆ. ಇಡೀ ಕಥೆ ಕುಸಿಯಿತು. ಕೊಡಗಿನಲ್ಲಿ 1995 ಬೇರೆ, 2006 ಬೇರೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಬೆಳೆ ಸುಟ್ಟುಹೋಗಿತ್ತು, ಇಲ್ಲಿ ಕಾಫಿಗೆ ಬಂಗಾರದ ಬೆಲೆ. ಅಷ್ಟರಲ್ಲಿ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲ್‌ಗೇ ಹಾಕಬೇಕು, ಬೋರ್ಡು ಮಾರಿ ಕಂತಿನಲ್ಲಿ ದುಡ್ಡು ಕೊಡುತ್ತೆ ಅನ್ನೋದೂ ಸಡಿಲ ಆಗಿ, 1996ರ ಹೊತ್ತಿಗೆ ಪೂರ್ತಿ ಹೋಯಿತು. ಕಂತಿಗೆ ಕಾಯುತ್ತಿದ್ದವರ ಕೈಗೆ ಒಟ್ಟಿಗೆ ದುಡ್ಡು. ಹೊಸ ಮನೆ, ಹೊಸ ಮಾರುತಿ. ಅವಧಿಗೆ ಮುಂಚೆ ಸಾಲ ತೀರಿಸೋಕೆ ನಮ್ಮ ಕೌಂಟರಿನ ಮುಂದೆ ಜನ ನಿಲ್ಲುತ್ತಿದ್ದರು. 2002ರ ಹೊತ್ತಿಗೆ ಬೆಲೆ ಪಾತಾಳ. ಅದೇ ಜನರಿಗೆ ನಾನೇ ನೋಟಿಸ್ ಬರೆದೆ. ಕೆಲವರ ವಿಳಾಸ ಬರೆಯುವಾಗ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

1995ರ ತಮ್ಮ ದುರಾಸೆಯವನು. ಅವನನ್ನು ಬರೆಯುವುದು ಸುಲಭ, ಮೀಸೆ ತಿರುವಿಸಿದರೆ ಆಯ್ತು. 2006ರ ತಮ್ಮ ಬೇರೆ ಮನುಷ್ಯ. ಬೆಲೆ ಬಿದ್ದ ವರ್ಷ ಸಾಲದ ಕಂತಿಗೆ ಅಂತ ತೋಟದ ಸಿಲ್ವರ್ ಓಕ್ ಕಡಿಸಿ ಮಾರಿದ್ದಾನೆ. ನೆರಳು ಹೋಯಿತು. ಬಿಸಿಲು ಬಿತ್ತು. ಬೋರರ್ ಬಂತು. ಅಕ್ಕ ಕೈ ಆಡಿಸಿ ಹುಡುಕಿದ ಪ್ರತಿ ಏಣಿನ ಹಿಂದೆ ತಮ್ಮ ಕಟ್ಟಿದ ಒಂದು ಕಂತು ಇದೆ. ಇದನ್ನು ನಾನು ಯೋಚಿಸಿ ಜೋಡಿಸಿದ್ದಲ್ಲ. ತಾರೀಖು ಬದಲಾಯಿಸಿದ್ದಕ್ಕೆ ತಾನಾಗಿ ಬಂದು ಕೂತದ್ದು. ಸಾಲ ಹೊಸದು ಮಾಡಿಸಬೇಕಾದರೆ ಬ್ಯಾಂಕಿನವರು ಅಕ್ಕನ ಸಹಿ ಕೇಳುತ್ತಾರೆ. ಅದಕ್ಕೇ ಅವನು ಗೋಗರೆಯುವುದು. ಈಗ ವಕೀಲರು ಒಪ್ಪಬಹುದು.

ಉಪನೋಂದಣಿ ಕಚೇರಿಯ ಅಧ್ಯಾಯವನ್ನು ಒಂದೇ ರಾತ್ರಿ ಬರೆದೆ, ಮೇಣದ ಬತ್ತಿಯಲ್ಲಿ. ಅದರ ತಿದ್ದುಪಡಿಗೆ ಏಳು ತಿಂಗಳು ಹಿಡಿಯಿತು. ಮೊದಲು ಬರೆದಾಗ ದಮಯಂತಿ ಒಂದೂವರೆ ಪುಟದ ಭಾಷಣ ಮಾಡಿದ್ದಳು. ಟೀಚರ್ ಅದರ ಪಕ್ಕ ಬರೀ "ಮೈಕು ಎಲ್ಲಿತ್ತು?" ಅಂತ ಬರೆದಿದ್ದರು. ಕಡಿಯುತ್ತಾ ಕಡಿಯುತ್ತಾ ಈಗ ಉಳಿದಿರೋದು ಇಷ್ಟು. ಜಗಲಿಯಲ್ಲಿ ಪತ್ರ ಬರಹಗಾರ ಓದಿ ಹೇಳುತ್ತಿದ್ದಾನೆ. ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿ ಸಂದಾಯ. ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ. ಅಲ್ಲಿ ಅವಳು ತಡೆಯುತ್ತಾಳೆ.

"ಈ ಸ್ವಇಚ್ಛೆ ಅಂತ ಇದೆಯಲ್ಲ, ಇದು ಯಾರು ಹಾಕಿದ್ದು?"

"ಅದು ಎಲ್ಲಾ ಪತ್ರದಲ್ಲೂ ಇರುತ್ತಮ್ಮಾ."

"ನನ್ನ ಕೇಳಲಿಲ್ಲವಲ್ಲ."

ಅವಳ ದನಿಯಲ್ಲಿ ಸಿಟ್ಟಿಲ್ಲ. ಲೋಟ ಎರಡು ಕಮ್ಮಿ ಅಂತ ಹೇಳಿದ ದನಿಯೇ. ಪತ್ರ ಬರಹಗಾರ ತಮ್ಮನ ಮುಖ ನೋಡುತ್ತಾನೆ. ತಮ್ಮ ನೆಲ ನೋಡುತ್ತಾನೆ. ಒಳಗಿನಿಂದ ಇವರ ಹೆಸರು ಕರೆಯುತ್ತಾರೆ, ಯಾರೂ ಏಳುವುದಿಲ್ಲ. ವಾಪಸ್ ಹೋಗುವಾಗ ಜೀಪಿನಲ್ಲಿ ಇಬ್ಬರೂ ಮಾತಾಡಲ್ಲ. ಊರು ಇನ್ನೇನು ಬಂತು ಅನ್ನುವಾಗ ದಮಯಂತಿ ಹೇಳುತ್ತಾಳೆ, "ನಾನ್ನೂರ ಹನ್ನೆರಡು ಗಿಡಕ್ಕೆ ಹುಳ ಬಿದ್ದಿದೆ. ಏಪ್ರಿಲ್ ಒಳಗೆ ಕೀಳಿಸಬೇಕು. ನಾನು ಇರ್ತೀನಿ."

"ಇರ್ತೀನಿ" ಅನ್ನೋದು ನನ್ನ ಪೆನ್ನಿಂದ ಬಂದಾಗ ನಾನೇ ಪೆನ್ನು ಕೆಳಗಿಟ್ಟೆ. ಎಷ್ಟು ದಿನ ಇರ್ತಾಳೆ? ಗಂಡನಿಗೆ ಏನು ಹೇಳ್ತಾಳೆ? ಅದಕ್ಕೆ ಇನ್ನೂ ತೊಂಬತ್ತು ಪುಟ ಬೇಕಾಯಿತು. ಆ ಪುಟಗಳ ಕಷ್ಟ ಇಲ್ಲಿ ಬೇಡ. ಅರಕಲಗೂಡಿನ ಗಂಡ ಎರಡು ಸಲ ಬಂದು ಕರೆಯುತ್ತಾನೆ, ಮೂರನೇ ಸಲ ಬಂದವನು ತೋಟ ನೋಡಿ ಊಟ ಮಾಡಿ ಹೋಗುತ್ತಾನೆ. ಅವನು ನನಗೆ ಕೊನೆವರೆಗೂ ಸರಿಯಾಗಿ ಅರ್ಥ ಆಗಲಿಲ್ಲ, ಅದು ಪುಸ್ತಕದಲ್ಲೂ ಕಾಣುತ್ತೆ.

ಡಿಟಿಪಿ ಮಾಡಿಸಿದ್ದು ಮಡಿಕೇರಿಯಲ್ಲಿ. ಟೈಪ್ ಮಾಡಿದ ಹುಡುಗಿ ಮಧ್ಯೆ ಫೋನ್ ಮಾಡಿ, "ಆಂಟಿ, ಇವ್ಳು ಕೊನೆಗೆ ಸೈನ್ ಹಾಕ್ತಾಳಾ?" ಅಂತ ಕೇಳಿದಳು. ಅವತ್ತು ನಂಗೆ ಹೊಟ್ಟೆ ತುಂಬಿತು. ಹುಡುಕಿಸಿ ನೋಡಿದೆ. "ತನ್ನನ್ನು ತಾನು" ಅನ್ನೋದು ಎರಡೇ ಸಲ ಇತ್ತು. ಒಂದು ಕಡೆ ಬೆಕ್ಕು ತನ್ನನ್ನು ತಾನು ನೆಕ್ಕಿಕೊಳ್ಳುತ್ತಿತ್ತು. ಒಬ್ಬರು ಪ್ರಕಾಶಕರು ಚಿಕ್ಕದು ಮಾಡಿ ಅಂದಿದ್ದಾರೆ, ಇನ್ನೊಬ್ಬರು ಉತ್ತರ ಬರೆದಿಲ್ಲ. ಆಗಲಿ.

ಒಂದು ಪ್ರತಿಯನ್ನು ತಮ್ಮನಿಗೆ ಕಳಿಸಬೇಕಾ ಬೇಡವಾ ಅಂತ ಎರಡು ತಿಂಗಳು ಒದ್ದಾಡಿದೆ. ಪುಸ್ತಕ ಆಗಿ ಬೇರೆಯವರ ಕೈಯಿಂದ ಅವನಿಗೆ ಸಿಗೋದಕ್ಕಿಂತ ನಾನೇ ಕೊಡೋದು ವಾಸಿ ಅನಿಸಿತು. ಒಂದು ಶುಕ್ರವಾರ ಮಡಿಕೇರಿ ಸಂತೆಗೆ ಬಂದಿದ್ದ. ತರಕಾರಿ ಚೀಲದ ಮೇಲೆ ಸ್ಪೈರಲ್ ಹಾಕಿಸಿದ ಪ್ರತಿ ಇಟ್ಟೆ. "ಓದು" ಅಂದೆ. "ಏನಿದು?" ಅಂದ. "ಓದು" ಅಂದೆ.

ಮೂರು ವಾರ ಫೋನ್ ಇಲ್ಲ. ವಾರಕ್ಕೊಮ್ಮೆ ಮಾಡುತ್ತಿದ್ದವನು. ಅಮ್ಮನ ಮಾತ್ರೆ ಬಗ್ಗೆ ಅವನ ಹೆಂಡತಿ ಮಾಡಿದಳು, ಪುಸ್ತಕದ ಸುದ್ದಿ ಎತ್ತಲಿಲ್ಲ. ನಾಲ್ಕನೇ ವಾರ ರಾತ್ರಿ ಒಂಬತ್ತಕ್ಕೆ ಅವನದೇ ಫೋನ್.

"ಅಕ್ಕಾ, ಓದಿದೆ."

"ಹ್ಞೂಂ."

ಆ ಕಡೆ ಟಿವಿ ಸದ್ದು. ಯಾರೋ ಕಮ್ಮಿ ಮಾಡಿದರು.

"ದಮಯಂತಿಗೆ ಹೆಸರಿದೆ. ಗಂಡನಿಗೆ ಹೆಸರಿದೆ. ನಾಯಿಗೂ ಹೆಸರಿಟ್ಟಿದ್ದೀಯ. ಆ ತಮ್ಮನಿಗೆ ಮಾತ್ರ ಹೆಸರೇ ಇಲ್ಲವಲ್ಲ. ಇಡೀ ಪುಸ್ತಕದಲ್ಲಿ ಬರೀ ತಮ್ಮ, ತಮ್ಮ."

ನಾನು ಗಮನಿಸಿಯೇ ಇರಲಿಲ್ಲ. ಮುನ್ನೂರು ಪುಟ. ಟೀಚರಿಗೂ ಕಾಣಲಿಲ್ಲ, ವಕೀಲರಿಗೂ ಕಾಣಲಿಲ್ಲ.

"ಏನಂತ ಇಡಲಿ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಯೋಚನೆ ಮಾಡಿ ಹೇಳ್ತೀನಿ" ಅಂದ.

ಇವತ್ತಿಗೆ ಹನ್ನೊಂದು ದಿನ ಆಯ್ತು. ಇನ್ನೂ ಹೇಳಿಲ್ಲ.